ಆರ್‌ಜಿ 34 ಡಬ್ಬಿ: ಮುಚ್ಚಳದ ಮೇಲೆ 1938, ಒಳಗೆ ಬೇಕಲೈಟ್ ಎಣ್ಣೆಕುಪ್ಪಿ. ಇದು ಒಂದೇ ಸೆಟ್ಟಾ?

ತಗಡುಡಬ್ಬಿ ಕೇಳಿದ್ದು:

ಆರ್‌ಜಿ 34 ಅಂದರೆ ಎರಡನೇ ಮಹಾಯುದ್ಧದ ಕಾಲದ ಜರ್ಮನ್ ರೈಫಲ್ ಶುಚಿ ಕಿಟ್. ಅಂತಹ ಸಾಮಾನುಗಳ ಒಂದು ಲಾಟ್ ಕೈಗೆ ಬಂದಿದೆ. ಎಲ್ಲವನ್ನೂ ಬಿಡಿಸಿ ಮೇಜಿನ ಮೇಲೆ ಹರಡಿದ್ದೇನೆ. ಪಟ್ಟಿ ಇಲ್ಲಿದೆ.

1. ಚಪ್ಪಟೆ ತಗಡಿನ ಡಬ್ಬಿ, ಕೀಲಿರುವ ಎರಡು ಮುಚ್ಚಳ. ಮುಚ್ಚಳದ ಮೇಲೆ "ಜಿ. ಆಪ್ಪೆಲ್ 1938", ಪಕ್ಕದಲ್ಲಿ ಪುಟ್ಟ ಹದ್ದಿನ ಮುದ್ರೆ. ಒಳಗೆ ಅಲ್ಯೂಮಿನಿಯಂ ಸರಪಳಿ, ಎರಡು ಬ್ರಷ್, ಕಂದು ಬೇಕಲೈಟ್ ಎಣ್ಣೆಕುಪ್ಪಿ, ಉಕ್ಕಿನ ಒಂದು ಚಪ್ಪಟೆ ಉಪಕರಣ, ನಳಿಗೆ ಒರೆಸುವ ಬತ್ತಿಯ ಒಂದು ಕಟ್ಟು.

2. ಅದೇ ಆಕಾರದ ಇನ್ನೊಂದು ಡಬ್ಬಿ. ಮುಚ್ಚಳದಲ್ಲಿ ಸಣ್ಣಕ್ಷರದಲ್ಲಿ "ಸಿಎನ್‌ಎಕ್ಸ್ 1937". ಇದಕ್ಕೂ ಹದ್ದಿನ ಮುದ್ರೆ ಇದೆ, ತುಂಬಾ ಸ್ಪಷ್ಟವಾಗಿ.

3. ಆಲಿವ್ ಹಸಿರು ಬಣ್ಣದ ಮೂರನೆಯದು. ಹದ್ದಿಲ್ಲ. 1005-12 ಎಂದು ಶುರುವಾಗುವ ಉದ್ದನೆಯ ಸಂಖ್ಯೆ ಇದೆ.

4. ಸುಮಾರು 25 ಸೆಂ.ಮೀ. ಉದ್ದದ ಉಕ್ಕಿನ ಕಡ್ಡಿ. ಒಂದು ತುದಿಯಲ್ಲಿ ತಿರುಪು (ಸ್ಕ್ರೂ ಗೆರೆ), ಇನ್ನೊಂದು ತುದಿಯ ತಲೆಯೊಳಗೂ ತಿರುಪು.

5. ಬೂದುಬಿಳಿ ದಪ್ಪ ಬಟ್ಟೆಯ ಒಂದು ಚೌಕ. ಮೆಷಿನ್‌ಗನ್ ಚೀಲದ್ದು ಅಂತ ಮಾರಿದವರು ಹೇಳಿದರು. ಮುಟ್ಟಿದರೆ ನಾರು ಉದುರುತ್ತದೆ.

ಪ್ರಶ್ನೆಗಳು: ಒಂದನೇ ಡಬ್ಬಿಯೊಳಗಿನದ್ದೆಲ್ಲ ಅದಕ್ಕೇ ಸೇರಿದ್ದಾ, ಅಥವಾ ಯಾರೋ ತುಂಬಿಸಿದ್ದಾ? ಎರಡನೆಯದು ಅಸಲಿಯಾ? ತುಕ್ಕು ತೆಗೆಯಲು ಏನು ಹಚ್ಚಬೇಕು? ಸರಪಳಿಯನ್ನು ಇವತ್ತೂ ನಳಿಗೆಯೊಳಗೆ ಎಳೆಯಬಹುದಾ?

---

ಮುದ್ರೆನೋಡಿ:

ಮೊದಲು ಐದನೇ ಐಟಂ. ಅದನ್ನು ಈಗಲೇ ಮೇಜಿನಿಂದ ತೆಗೆಯಿರಿ. ಎಂಜಿ 34, ಎಂಜಿ 42 ಮೆಷಿನ್‌ಗನ್‌ಗಳ ಕಾದ ನಳಿಗೆ ಬದಲಿಸುವಾಗ ಕೈ ಸುಡದಂತೆ ಹಿಡಿಯಲು ಕೊಡುತ್ತಿದ್ದ ಕಲ್ನಾರಿನ ಪ್ಯಾಡ್ ಅದು. ಉದುರುತ್ತಿರುವುದು ಆಸ್ಬೆಸ್ಟಾಸ್ ನಾರು. ಕೊಡವಬೇಡಿ, ಬ್ರಷ್ ಹಾಕಬೇಡಿ, ವ್ಯಾಕ್ಯೂಮ್ ಕ್ಲೀನರ್ ಅಂತೂ ಬೇಡವೇ ಬೇಡ, ಅದು ನಾರನ್ನು ಮನೆಯೆಲ್ಲ ಹರಡುತ್ತದೆ. ಸ್ಪ್ರೇ ಬಾಟಲಿಯಿಂದ ಹನಿನೀರು ಸಿಂಪಡಿಸಿ ತೇವ ಮಾಡಿ, ದಪ್ಪ ಪಾಲಿಥೀನ್ ಚೀಲದೊಳಗೆ ಹಾಕಿ ಅಂಟಿಸಿ. ಅದನ್ನು ಮತ್ತೊಂದು ಚೀಲಕ್ಕೆ ಹಾಕಿ, ಹೊರಗೆ "ಆಸ್ಬೆಸ್ಟಾಸ್, ತೆರೆಯಬೇಡಿ" ಎಂದು ಬರೆಯಿರಿ. ಮೇಜನ್ನು ಒದ್ದೆ ಬಟ್ಟೆಯಿಂದ ಒರೆಸಿ ಆ ಬಟ್ಟೆಯನ್ನೂ ಚೀಲ ಕಟ್ಟಿ. ಪ್ರದರ್ಶನಕ್ಕೆ ಬೇಕೆಂದರೆ ಚೀಲದ ಸಮೇತ ಇಡಿ. ಅದರ ಜೊತೆ ಒಂದೇ ಪೆಟ್ಟಿಗೆಯಲ್ಲಿ ಬಂದ ಬ್ರಷ್‌ಗಳನ್ನೂ ತೇವವಾಗಿಯೇ ಒರೆಸಬೇಕು.

ಇನ್ನು ಎರಡನೇ ಡಬ್ಬಿ. "ಸಿಎನ್‌ಎಕ್ಸ್" ಮತ್ತು "1937" ಒಂದೇ ಮುಚ್ಚಳದ ಮೇಲೆ ಇರಲು ಸಾಧ್ಯವಿಲ್ಲ. ಸಿಎನ್‌ಎಕ್ಸ್ ಅಂದರೆ ಬರ್ಲಿನ್-ಸ್ಪಾಂಡೌನ ಗುಸ್ಟಾವ್ ಆಪ್ಪೆಲ್ ಕಾರ್ಖಾನೆ. ನಿಮ್ಮ ಒಂದನೇ ಡಬ್ಬಿಯ ಮೇಲೆ ಬಿಡಿಸಿ ಬರೆದಿರುವ ಅದೇ ಆಪ್ಪೆಲ್. ಸಣ್ಣಕ್ಷರದ ಈ ಸಂಕೇತಗಳು ಬಳಕೆಗೆ ಬಂದದ್ದು 1940ರ ಸುಮಾರಿಗೆ. ಅದಕ್ಕೂ ಮುಂಚಿನ ಶುಚಿ ಡಬ್ಬಿಗಳಲ್ಲಿ ತಯಾರಕರ ಹೆಸರು ಮತ್ತು ನಾಲ್ಕಂಕಿಯ ವರ್ಷ ಇರುತ್ತದೆ. ನಂತರದವುಗಳಲ್ಲಿ ಸಂಕೇತ, ಅದರ ಜೊತೆ ಸಾಮಾನ್ಯವಾಗಿ ಎರಡಂಕಿಯ ವರ್ಷ. ಮಾಗ್ಡೆಬುರ್ಗ್‌ನ ಮುಂಡ್ಲೋಸ್ ಹೊಲಿಗೆಯಂತ್ರ ಕಂಪನಿಯೂ ಈ ಡಬ್ಬಿಗಳನ್ನು ಮಾಡಿತು. ಮೊದಲು ಪೂರ್ತಿ ಹೆಸರು, ಆಮೇಲೆ "ಎಬಿ" ಎಂಬ ಸಂಕೇತ.

ಅಂದಮಾತ್ರಕ್ಕೆ ತಕ್ಷಣ ನಕಲಿ ಎಂದು ಷರಾ ಬರೆಯಬೇಡಿ. ಸವೆದ ಮುದ್ರೆಯನ್ನು ನಾವೇ ತಪ್ಪಾಗಿ ಓದುವುದುಂಟು. ಟಾರ್ಚನ್ನು ತಗಡಿಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ಹಿಡಿದು, ನಾಲ್ಕೂ ಕಡೆಯಿಂದ ಬೆಳಕು ಬಿಟ್ಟು ಫೋಟೋ ತೆಗೆದು ಹಾಕಿ. ನೇರ ಫ್ಲ್ಯಾಶ್‌ನಲ್ಲಿ ಏನೂ ಕಾಣುವುದಿಲ್ಲ.

---

ಹಳೆಉಕ್ಕು:

ಮೂರನೆಯದು ಸುಲಭ. ನೇಟೊ ಸಾಮಗ್ರಿ ಸಂಖ್ಯೆ ಹದಿಮೂರು ಅಂಕಿಗಳದ್ದು. ಮೊದಲ ನಾಲ್ಕು ಅಂಕಿ ವಸ್ತುವಿನ ವರ್ಗ, 1005 ಅಂದರೆ 30 ಮಿ.ಮೀ. ವರೆಗಿನ ಬಂದೂಕುಗಳು ಮತ್ತು ಅವುಗಳ ಸಾಮಾನು. ನಂತರದ 12 ಜರ್ಮನಿ. ಬುಂಡೆಸ್‌ವೆಹ್ರ್ (ಯುದ್ಧಾನಂತರದ ಪಶ್ಚಿಮ ಜರ್ಮನ್ ಸೈನ್ಯ) ಕಟ್ಟಿದ್ದೇ 1955ರಲ್ಲಿ, ಆದ್ದರಿಂದ ಈ ಸಂಖ್ಯೆ ಇರುವುದು ಯುದ್ಧಕಾಲದ್ದಲ್ಲ. ಜಿ3 ರೈಫಲ್ 1959ರಲ್ಲಿ ಬಂತು, ಅದರ ಶುಚಿ ಕಿಟ್ ಹಳೇ ಆರ್‌ಜಿ 34ರ ವಿನ್ಯಾಸವನ್ನೇ ಮುಂದುವರಿಸಿತು. ಆಮೇಲೆ ಡಬ್ಬಿ ಪ್ಲಾಸ್ಟಿಕ್ ಆಯಿತು.

ಅದು ಕೆಟ್ಟ ವಸ್ತು ಅಂತ ಅಲ್ಲ. ತೊಂದರೆ ಬರುವುದು ಅದರ ಒಳಗಿನ ಬ್ರಷ್, ಸರಪಳಿ, ಬತ್ತಿಗಳನ್ನು ಎತ್ತಿ 1938ರ ಡಬ್ಬಿಗೆ ತುಂಬಿ "ಪೂರ್ಣ ಸೆಟ್" ಎಂದು ಮಾರಿದಾಗ. ಇದು ತೀರಾ ಸಾಮಾನ್ಯ. ಡಬ್ಬಿ ಅಸಲಿ, ಒಳಗಿನದು ನಲವತ್ತು ವರ್ಷ ಕಿರಿಯದು. ಬ್ರಷ್‌ನ ಅಳತೆ ನೋಡಿ ಗುರುತಿಸುತ್ತೇವೆ ಎಂದು ಕೆಲವರು ಹೇಳುತ್ತಾರೆ, ನನಗೆ ಅದರಲ್ಲಿ ನಂಬಿಕೆ ಕಮ್ಮಿ. ಹಳೇ ಜರ್ಮನ್ ರೈಫಲ್‌ನ 7.92 ಗುಂಡಿನ ವ್ಯಾಸ ಸುಮಾರು 8.2 ಮಿ.ಮೀ., ಜಿ3ರ 7.62 ನೇಟೊ ಗುಂಡಿನದು 7.8. ಅಂತರ ಅರ್ಧ ಮಿಲಿಮೀಟರೂ ಇಲ್ಲ. ಬಳಸಿ ಸವೆದ ಕೂದಲು ಅಷ್ಟು ತೆಳುವಾಗುವುದು ದೊಡ್ಡ ಮಾತಲ್ಲ. ಬ್ರಷ್‌ನ ಮಧ್ಯದ ತಿರುಚು ತಂತಿ ನೋಡಿ, ಅದರ ಕೊಂಡಿ ನೋಡಿ, ಕೂದಲು ಪ್ರಾಣಿಯದೋ ನೈಲಾನೋ ನೋಡಿ. ನೈಲಾನ್ ಎಳೆ ಉದ್ದಕ್ಕೂ ಒಂದೇ ದಪ್ಪ, ತುದಿ ಕತ್ತರಿಸಿದಂತೆ ಇರುತ್ತದೆ. ಪ್ರಾಣಿಯ ಕೂದಲು ಭೂತಗನ್ನಡಿಯಲ್ಲಿ ಒಂದೊಂದೂ ಒಂದೊಂದು ದಪ್ಪ, ಮೇಲ್ಮೈ ಒರಟು.

ನಾಲ್ಕನೆಯದು ಕರಾಬಿನರ್ 98ಕೆ (ಯುದ್ಧಕಾಲದ ಜರ್ಮನ್ ಸೈನಿಕರ ಸಾಮಾನ್ಯ ರೈಫಲ್) ನಳಿಗೆಯ ಕೆಳಗೆ ಸಿಕ್ಕಿಸುವ ಕಡ್ಡಿ, ಎರಡು ಉದ್ದಗಳಲ್ಲಿ ಚಿಕ್ಕದು. ದೊಡ್ಡದು 31 ಸೆಂ.ಮೀ. ದಾಟುತ್ತದೆ. 98ಕೆ ನಳಿಗೆ 600 ಮಿ.ಮೀ., ಆದ್ದರಿಂದ ಒಂದೇ ಕಡ್ಡಿಯಿಂದ ಶುಚಿ ಆಗದು. ತಲೆಯೊಳಗಿನ ತಿರುಪು ಅದಕ್ಕೇ: ಬೇರೆ ಸೈನಿಕರ ಕಡ್ಡಿಗಳನ್ನು ಒಂದಕ್ಕೊಂದು ತಿರುಗಿಸಿ ಉದ್ದ ಮಾಡಬೇಕು. ಸರಪಳಿ ಕಿಟ್ ಬಂದ ಮೇಲೆ ದಿನನಿತ್ಯದ ಶುಚಿಗೆ ಕಡ್ಡಿ ಬೇಕಾಗಲಿಲ್ಲ. ಆದರೂ ರೈಫಲ್‌ನಲ್ಲಿ ಉಳಿಯಿತು.

---

ಕಾಲಗಣಕ:

ಒಂದನೇ ಡಬ್ಬಿಯ ವಿಷಯಕ್ಕೆ ಬರೋಣ, ಏಕೆಂದರೆ ನಿಜವಾದ ಪ್ರಶ್ನೆ ಇರುವುದು ಅಲ್ಲಿ.

ರೈನಿಗುಂಗ್ಸ್‌ಗೆರೇಟ್ 34 (ಆರ್‌ಜಿ 34ರ ಪೂರ್ತಿ ಹೆಸರು) ಒಂದು ವಸ್ತುವಲ್ಲ, ಜೋಡಣೆ. ಪೂರ್ಣ ಕಿಟ್‌ನಲ್ಲಿ ಇರಬೇಕಾದದ್ದು: ಡಬ್ಬಿ, ಸರಪಳಿ, ಶುಚಿ ಬ್ರಷ್, ಎಣ್ಣೆ ಬ್ರಷ್, ಎಣ್ಣೆಕುಪ್ಪಿ, ಹ್ಯುಲ್ಸೆನ್‌ಕೋಪ್ಫ್‌ವಿಷರ್, ಬತ್ತಿಗಳು. ನೀವು "ಚಪ್ಪಟೆ ಉಪಕರಣ" ಅಂದದ್ದು ಆರನೆಯದು. ಅದಕ್ಕೆ ಬತ್ತಿ ಸಿಕ್ಕಿಸಿ, ಬೋಲ್ಟ್‌ನ ಕಚ್ಚುಗಳು ಕೂರುವ ರಿಸೀವರ್‌ನ ಒಳಗುಳಿಗಳನ್ನು ಒರೆಸುತ್ತಿದ್ದರು. ನಳಿಗೆಯ ಸರಪಳಿ ಆ ಜಾಗವನ್ನು ಮುಟ್ಟುವುದೇ ಇಲ್ಲ. ಇದನ್ನು ಸ್ಕ್ರೂಡ್ರೈವರ್ ಆಗಿ ಬಳಸಿ ಟ್ರಿಗರ್ ಗಾರ್ಡ್‌ನ ಸ್ಕ್ರೂ ತಿರುಗಿಸಲು ಹೋಗಬೇಡಿ. ಆ ದೊಡ್ಡ ಸ್ಕ್ರೂಗಳ ಪಕ್ಕದಲ್ಲಿ ತಡೆಯುವ ಪುಟ್ಟ ಸ್ಕ್ರೂ ಇರುತ್ತದೆ, ಅದನ್ನು ಮೊದಲು ತೆಗೆಯದೆ ಬಲ ಹಾಕಿದರೆ ಸ್ಕ್ರೂ ತಲೆ ಹರಿಯುತ್ತದೆ. ಯುದ್ಧದ ಕೊನೆಯಲ್ಲಿ ಮಾಡಿದ ರೈಫಲ್‌ಗಳಲ್ಲಿ ಆ ಪುಟ್ಟದ್ದನ್ನು ಬಿಟ್ಟುಬಿಟ್ಟರು.

ಈ ಏಳರಲ್ಲಿ ಬ್ರಷ್, ಬತ್ತಿ ಬಳಸಿ ಬಿಸಾಡುವವು. ಎಣ್ಣೆಕುಪ್ಪಿ ಕಳೆದುಹೋಗುವ, ಒಡೆಯುವ ವಸ್ತು. ಡಬ್ಬಿ ಉಳಿಯುತ್ತದೆ, ಒಳಗಿನದು ಬದಲಾಗುತ್ತದೆ. ಉಕ್ಕಿನ ಕುಪ್ಪಿ ಸಾಮಾನ್ಯವಾಗಿ ಮೊದಲಿನದು, ಬೇಕಲೈಟ್ ನಂತರದ್ದು. ಅಂದಮೇಲೆ 1938ರ ಡಬ್ಬಿಯಲ್ಲಿ ಬೇಕಲೈಟ್ ಕುಪ್ಪಿ ಇದ್ದರೆ ಎರಡು ವಿವರಣೆ ಸಾಧ್ಯ. ಒಂದು, 1942–43ರ ಹೊತ್ತಿಗೆ ಯಾವುದೋ ಘಟಕದಲ್ಲಿ ಹಳೆಯದು ಹೋಗಿ ಹೊಸದು ಬಂತು. ಇನ್ನೊಂದು, ಹತ್ತು ವರ್ಷದ ಹಿಂದೆ ಯಾವುದೋ ಮಾರಾಟಗಾರ ತುಂಬಿಸಿದ. ಮುದ್ರೆಗಳಷ್ಟನ್ನೇ ನೋಡಿ ಇವೆರಡನ್ನು ಬೇರ್ಪಡಿಸಲು ಆಗುವುದಿಲ್ಲ.

ಬೇರ್ಪಡಿಸುವುದು ಡಬ್ಬಿಯ ತಳ. ಎಲ್ಲ ತೆಗೆದು, ಒರೆಸದೆ, ಓರೆಬೆಳಕಿನಲ್ಲಿ ತಳ ನೋಡಿ. ದಶಕಗಳ ಕಾಲ ಒಂದೇ ಜಾಗದಲ್ಲಿ ಕೂತ ವಸ್ತು ನೆರಳು ಬಿಟ್ಟಿರುತ್ತದೆ. ಉಕ್ಕಿನ ಕುಪ್ಪಿ ಕೂತಿದ್ದರೆ ಅಂಡಾಕಾರದ ತುಕ್ಕಿನ ಗೆರೆ, ಅದರೊಳಗೆ ಬಣ್ಣ ತುಸು ತಾಜಾ. ಸರಪಳಿ ಸುರುಳಿ ಬಿದ್ದ ಕಡೆ ಕೊಂಡಿಗಳ ಚುಕ್ಕಿಸಾಲು, ಅಲ್ಲಲ್ಲಿ ಅಲ್ಯೂಮಿನಿಯಂನ ಬಿಳಿ ಪುಡಿ. ಎಣ್ಣೆ ಸೋರಿದ ಕಡೆ ಜೇನುಬಣ್ಣದ ಅಂಟು. ಈಗ ಒಂದೊಂದು ವಸ್ತುವನ್ನೂ ಅದರ ನೆರಳಿನ ಮೇಲೆ ಇಟ್ಟು ನೋಡಿ. ಕೂತರೆ ಅದು ಅಲ್ಲೇ ಬಹುಕಾಲ ಇತ್ತು. ಕೂರದಿದ್ದರೆ ಇತ್ತೀಚಿನ ಅತಿಥಿ. ಹಾಗಾಗಿ ಶುಚಿ ಮಾಡುವ ಮೊದಲು ಡಬ್ಬಿಯೊಳಗಿನ ಫೋಟೋ ತೆಗೆಯದಿದ್ದರೆ ಸಾಕ್ಷಿಯನ್ನೇ ತೊಳೆದು ಹಾಕಿದಂತೆ.

---

ಹಳೆಉಕ್ಕು:

ಕಾಲಗಣಕ ಅವರ ಮಾತು ಸರಿ, ಆದರೆ ನೆರಳು ಕೂತರೆ "ಅಸಲಿ ಸೆಟ್" ಅನ್ನುವುದು ಸ್ವಲ್ಪ ಅವಸರ. 1950ರಲ್ಲಿ ತುಂಬಿಸಿಟ್ಟ ಸೆಟ್ಟೂ ಈಗ ಎಪ್ಪತ್ತು ವರ್ಷದ ನೆರಳು ಬಿಟ್ಟಿರುತ್ತದೆ. ಯುದ್ಧದ ನಂತರ 98ಕೆ ರೈಫಲ್‌ಗಳನ್ನು ನಾರ್ವೆ, ಯುಗೊಸ್ಲಾವಿಯ, ಪೂರ್ವ ಜರ್ಮನಿ ಎಲ್ಲ ಬಳಸಿದವು. ನಾರ್ವೆಯಲ್ಲಿ ಒಂದಷ್ಟನ್ನು .30-06 ಕ್ಯಾಲಿಬರಿಗೆ ಬದಲಿಸಿದರು ಕೂಡ. ರೈಫಲ್ ಮರುದುರಸ್ತಿಗೆ ಹೋದ ಕಡೆ ಅದರ ಸಾಮಾನೂ ಬಣ್ಣ ಬಳಿಸಿಕೊಂಡಿರಬಹುದು. ಮುದ್ರೆಯ ಗುಳಿ ತುಂಬುವಷ್ಟು ದಪ್ಪಗೆ ಬಣ್ಣ ಇದ್ದರೆ ಮರುಬಣ್ಣ ಎಂದು ಶಂಕಿಸಿ. ಕೀಲಿನ ಸಂದಿಯಲ್ಲಿ ಹಳೇ ಬಣ್ಣದ ಅಂಚು ಸಾಮಾನ್ಯವಾಗಿ ಉಳಿದಿರುತ್ತದೆ.

ಇನ್ನು, ದಯವಿಟ್ಟು ಒಂದು ಉಕ್ಕಿನ ಕುಪ್ಪಿ ಕೊಂಡು 1938ರ ಡಬ್ಬಿಗೆ "ಸರಿಹೊಂದಿಸ"ಬೇಡಿ. ಹಾಗೆ ಮಾಡಿದರೆ ಇರುವ ಸುಳಿವೂ ಹಾಳಾಗುತ್ತದೆ, ಮುಂದೆ ಕೊಳ್ಳುವವನಿಗೆ ಇನ್ನೊಂದು ಗೋಜಲು.

---

ಕಾಲಗಣಕ:

ಒಪ್ಪಿದೆ, "ಬಹುಕಾಲ ಒಟ್ಟಿಗಿತ್ತು" ಅನ್ನುವಷ್ಟಕ್ಕೆ ನಿಲ್ಲಿಸುತ್ತೇನೆ. ಆದರೆ ಸೆಟ್ ಹೊಂದಿಸುವುದರ ಬಗ್ಗೆ ನನ್ನ ನಿಲುವು ಬೇರೆ. ಪ್ರದರ್ಶನಕ್ಕೆ ಹೊಂದಿಸುವುದರಲ್ಲಿ ತಪ್ಪಿಲ್ಲ, ಚೀಟಿಯಲ್ಲಿ ಬರೆದರೆ ಸಾಕು. "ಬಿವೈಎಫ್ 43" ಎಂದಿರುವ ಓಬರ್ನ್‌ಡೋರ್ಫ್ ಮೌಸರ್ ರೈಫಲ್ ಪಕ್ಕ "ಜಿ. ಆಪ್ಪೆಲ್ 1936" ಡಬ್ಬಿಗಿಂತ "ಸಿಎನ್‌ಎಕ್ಸ್ 43" ಡಬ್ಬಿ ಇಟ್ಟರೆ ನೋಡುವವನಿಗೆ ಕಾಲ ಅರ್ಥವಾಗುತ್ತದೆ. ಹಳೇ ಡಬ್ಬಿ ಹೊಸ ರೈಫಲ್ ಜೊತೆ ಹೋಗಬಹುದಿತ್ತು. ಹೊಸ ಡಬ್ಬಿ 1935ರ ರೈಫಲ್ ಜೊತೆಗೂ ಹೋಗಬಹುದಿತ್ತು, ರೈಫಲ್ 1943ರಲ್ಲೂ ಸೇವೆಯಲ್ಲಿ ಇದ್ದರೆ.

ಡಬ್ಬಿಯ ವರ್ಷ ಓದುವಾಗ ರೈಫಲ್‌ನ ಪದ್ಧತಿಯನ್ನು ಇದರ ಮೇಲೆ ಹೇರಬೇಡಿ. ಮೌಸರ್ ರೈಫಲ್‌ಗಳಲ್ಲಿ ಎಸ್/42 (ಮೌಸರ್ ಕಾರ್ಖಾನೆಯ ಮೊದಲಿನ ಸಂಕೇತ) ಕೆಳಗೆ 1934ಕ್ಕೆ ಕೆ, 1935ಕ್ಕೆ ಜಿ ಎಂಬ ಗುಪ್ತ ಅಕ್ಷರ ಬರುತ್ತದೆ. ಅದು ರೈಫಲ್‌ನ ಕಥೆ. ಡಬ್ಬಿಯ ಮೇಲೆ ಒಂಟಿ ಕೆ ಕಂಡರೆ "1934" ಎಂದು ಹಾರಬೇಡಿ.

---

ತಗಡುಡಬ್ಬಿ:

ಪ್ಯಾಡ್ ಚೀಲಕ್ಕೆ ಹೋಯಿತು, ಧನ್ಯವಾದ. ಎರಡನೇ ಡಬ್ಬಿಯ ಓರೆಬೆಳಕಿನ ಫೋಟೋ ಹಾಕಿದ್ದೇನೆ. ವರ್ಷ ಖಂಡಿತ 1937, ಒಂಬತ್ತೂ ಮೂರೂ ಸ್ಪಷ್ಟ. ಹದ್ದಿನ ಮುದ್ರೆಯ ತಳ ಹೊಳೆಯುತ್ತಿದೆ, ಸುತ್ತ ಕಪ್ಪು. ಹೊಳಪಿದ್ದರೆ ನಕಲಿ ಅಂತಲೇ ಅರ್ಥವಾ?

---

ಮುದ್ರೆನೋಡಿ:

ಹೊಳಪು ಒಂದೇ ಸಾಕ್ಷಿ ಅಲ್ಲ. ಸ್ವೀಕಾರ ಮುದ್ರೆಯನ್ನು (ತಪಾಸಣೆ ಮಾಡಿ ಒತ್ತುವ ಈ ಹದ್ದು) ಬಣ್ಣ ಅಥವಾ ನೀಲಿಕರಣ (ಉಕ್ಕಿಗೆ ಕೊಡುವ ಕಪ್ಪುನೀಲಿ ಲೇಪ) ಮುಗಿದ ಮೇಲೆ ಒತ್ತಿದ್ದರೆ ಆ ದಿನ ಅದರ ತಳ ಹೊಳೆದೇ ಇತ್ತು. ಪ್ರಶ್ನೆ ಏನೆಂದರೆ, ಎಂಬತ್ತು ವರ್ಷದ ನಂತರವೂ ಯಾಕೆ ಹೊಳೆಯುತ್ತಿದೆ? ಪಕ್ಕದ ಬರಿ ಉಕ್ಕೆಲ್ಲ ಕಂದು ತಿರುಗಿರುವಾಗ ಮುದ್ರೆಯ ತಳ ಮಾತ್ರ ಬೆಳ್ಳಿಯಂತೆ ಇದ್ದರೆ ಅದು ಇತ್ತೀಚೆಗೆ ಒತ್ತಿದ್ದು.

ನಿಮ್ಮ ಫೋಟೋದಲ್ಲಿ ಇನ್ನೂ ಎರಡು ಕಾಣುತ್ತದೆ. ಅಸಲಿ ಪಂಚ್ ಲೋಹವನ್ನು ಒತ್ತಿ ಸರಿಸುತ್ತದೆ. ಗೆರೆಯ ಎರಡೂ ಬದಿಗೆ ಕೂದಲೆಳೆಯಷ್ಟು ಉಬ್ಬು ಇರಬೇಕು, ತೆಳು ತಗಡಾದ್ದರಿಂದ ಮುಚ್ಚಳದ ಒಳಬದಿಯಲ್ಲೂ ಅದರ ಉಬ್ಬು ತಿಳಿಯಬೇಕು. ಉಗುರು ಸವರಿ ನೋಡಿ. ನಿಮ್ಮದರಲ್ಲಿ ತಳ ಸಮತಟ್ಟು, ಅಂಚಿನಲ್ಲಿ ಉಬ್ಬಿಲ್ಲ, ಆಳ ಎಲ್ಲ ಕಡೆ ಒಂದೇ. ಆಮ್ಲದಿಂದ ಕೊರೆದಾಗ ಅಥವಾ ಲೇಸರ್ ಬಿಟ್ಟಾಗ ಹಾಗಾಗುತ್ತದೆ. ಅದರ ಮೇಲೆ, ಅಸಾಧ್ಯವಾದ ಸಂಕೇತ-ವರ್ಷದ ಜೋಡಿ. ಮೂರೂ ಒಂದೇ ಕಡೆ ಬೆರಳು ತೋರಿಸುತ್ತಿವೆ. ಡಬ್ಬಿ ಯುದ್ಧಾನಂತರದ್ದೋ ಹೊಸ ನಕಲೋ ಇರಬಹುದು, ಮುದ್ರೆ ಮಾತ್ರ ಖಂಡಿತ ಆಮೇಲಿನದು. ಹಸಿರು ಡಬ್ಬಿಯ ಪಕ್ಕದಲ್ಲಿಟ್ಟು ಕೀಲಿನ ತಂತಿ, ಮಡಿಕೆಗಳ ಅಂಚು, ತಗಡಿನ ದಪ್ಪ ಹೋಲಿಸಿ.

ಹದ್ದಿನ ಕೆಳಗೆ "ಡಬ್ಲ್ಯುಎಎ" ಮತ್ತು ಅಂಕಿ ಇದ್ದರೆ ಅದು ಹೇರೆಸ್‌ವಾಫೆನ್‌ಆಮ್ಟ್‌ನ (ಜರ್ಮನ್ ಸೈನ್ಯದ ಶಸ್ತ್ರಾಸ್ತ್ರ ಕಚೇರಿ) ತಪಾಸಣೆಯ ಗುರುತು. ಅಂಕಿ ಕಾರ್ಖಾನೆಯ ಸಂಖ್ಯೆಯಲ್ಲ, ತಪಾಸಣಾಧಿಕಾರಿಯದು. ಒಂದೇ ಕಾರ್ಖಾನೆಯಲ್ಲಿ ಕಾಲಕ್ಕೆ ತಕ್ಕಂತೆ ಬೇರೆ ಬೇರೆ ಅಂಕಿ ಬರುತ್ತದೆ, ಓಬರ್ನ್‌ಡೋರ್ಫ್ ಮೌಸರ್‌ನಲ್ಲೇ 63, 655, 135 ಮೂರೂ ಇವೆ. ನಕಲಿ ಮಾಡುವವರ ಕೈಗೆ ಸುಲಭವಾಗಿ ಸಿಗುವುದು ಇಂತಹ ಪ್ರಸಿದ್ಧ ರೈಫಲ್ ಅಂಕಿಗಳೇ. ಬರ್ಲಿನ್‌ನ ಆಪ್ಪೆಲ್ ಡಬ್ಬಿಯ ಮೇಲೆ ಓಬರ್ನ್‌ಡೋರ್ಫ್‌ನ ಅಂಕಿ ಕಂಡರೆ ಅನುಮಾನ ಇನ್ನೂ ಗಟ್ಟಿ.

ಜರ್ಮನಿಯಿಂದ ಕೊಳ್ಳುವವರಿಗೆ ಒಂದು ಮಾತು. ಅಲ್ಲಿನ ದಂಡ ಸಂಹಿತೆಯ ಕಲಂ 86ಎ ಕಾರಣ ಮಾರಾಟದ ಫೋಟೋಗಳಲ್ಲಿ ಸ್ವಸ್ತಿಕವಿರುವ ಮುದ್ರೆಗೆ ಕಾಗದ ಅಂಟಿಸಿರುತ್ತಾರೆ. ಅದು ಮೋಸವಲ್ಲ. ಆದರೆ ಕಾಗದದ ಅಡಿಯಲ್ಲಿ ತಯಾರಕರ ಸಂಕೇತವೂ ಮುಚ್ಚಿಹೋಗಿದ್ದರೆ ಸಂಕೇತ ಮತ್ತು ವರ್ಷದ ಬಿಡಿ ಚಿತ್ರ ಕೇಳಿ ತರಿಸಿಕೊಳ್ಳಿ.

---

ಎಣ್ಣೆಬತ್ತಿ:

ತುಕ್ಕಿನ ಬಗ್ಗೆ ಯಾರೂ ಹೇಳಿಲ್ಲ. ಈ ಕಿಟ್‌ನ ಕಷ್ಟ ಏನೆಂದರೆ ಇದರಲ್ಲಿ ಉಕ್ಕು, ಅಲ್ಯೂಮಿನಿಯಂ, ಬೇಕಲೈಟ್, ಕೂದಲು, ಹತ್ತಿ ಎಲ್ಲ ಒಟ್ಟಿಗಿವೆ. ಕೆಲವು ಡಬ್ಬಿಗೆ ಸತುವಿನ ಲೇಪವೂ ಇರುತ್ತದೆ. ಒಂದಕ್ಕೆ ಒಳ್ಳೆಯದು ಇನ್ನೊಂದಕ್ಕೆ ವಿಷ. ಮೊದಲು ಬೇರ್ಪಡಿಸಿ, ಆಮೇಲೆ ಕೈ ಹಾಕಿ.

ಡಬ್ಬಿಗೆ: ತೆಳು ಖನಿಜ ಎಣ್ಣೆ ಅಥವಾ ಬಾಲಿಸ್ಟಾಲ್ ಹಚ್ಚಿ ಒಂದು ದಿನ ಬಿಡಿ. (ಬಾಲಿಸ್ಟಾಲ್ 1900ರ ದಶಕದ ಆರಂಭದಲ್ಲಿ ಜರ್ಮನ್ ಸೈನ್ಯಕ್ಕಾಗಿಯೇ ಬಂದದ್ದು, ಇಂದಿಗೂ ಸಿಗುತ್ತದೆ.) ಮರುದಿನ ಒರಟು ಹತ್ತಿಬಟ್ಟೆಯಿಂದ ಉಜ್ಜಿ. ಬರಿ ಉಕ್ಕು ಅಥವಾ ಗಟ್ಟಿ ನೀಲಿಕರಣ ಇರುವ ಕಡೆ ಎಣ್ಣೆಯಲ್ಲಿ ನೆನೆದ 0000 ದರ್ಜೆಯ ಸ್ಟೀಲ್ ವುಲ್ ಹಗುರವಾಗಿ ಬಳಸಬಹುದು. ಬಣ್ಣದ ಮೇಲೆ ಬೇಡ. ಉಬ್ಬಿದ ಕೆಂಪು ತುಕ್ಕು ಹೋದರೆ ಸಾಕು, ಕೆಳಗಿನ ಕಂದು ಪದರ ಇರಲಿ, ಅದು ಸ್ಥಿರ.

ಬೇಡವಾದವು: ತುಕ್ಕು ಪರಿವರ್ತಕ ದ್ರವದಲ್ಲಿ ಫಾಸ್ಫಾರಿಕ್ ಆಮ್ಲ ಇರುತ್ತದೆ, ನೀಲಿಕರಣವನ್ನು ನಿಮಿಷಗಳಲ್ಲಿ ಬೂದು ಮಾಡುತ್ತದೆ. ಸಿಟ್ರಿಕ್ ಆಮ್ಲ ಸತುವಿನ ಲೇಪ, ಫಾಸ್ಫೇಟ್ ಲೇಪ ಎರಡನ್ನೂ ತಿನ್ನುತ್ತದೆ. ವಾಷಿಂಗ್ ಸೋಡಾ ಹಾಕಿ ವಿದ್ಯುತ್ ಹರಿಸುವ ವಿಧಾನ ಬಣ್ಣ ಎಬ್ಬಿಸುತ್ತದೆ. ಅದೇ ತೊಟ್ಟಿಗೆ ಅಲ್ಯೂಮಿನಿಯಂ ಸರಪಳಿ ಬಿದ್ದರೆ ಕ್ಷಾರ ಅದನ್ನು ಕರಗಿಸಲು ಶುರು ಮಾಡುತ್ತದೆ. ತಂತಿ ಚಕ್ರ ಹಾಕಿ ಮುದ್ರೆ ಅಳಿಸಿಕೊಂಡ ಡಬ್ಬಿಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ.

ಮುಚ್ಚಳ ತೆರೆಯದಿದ್ದರೆ ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ. ತಗಡು ಬಾಗುವ ಮೊದಲು ಕೀಲು ಹರಿಯುತ್ತದೆ. ಸೀಮೆಎಣ್ಣೆ ಹನಿ ಹನಿಯಾಗಿ ಕೀಲಿಗೂ ಮುಚ್ಚಳದ ಸಂದಿಗೂ ಬಿಟ್ಟು, ಎರಡು ದಿನ ಕಾದು, ಬದಿಗಳನ್ನು ಬೆರಳಿಂದ ಒತ್ತುತ್ತಾ ಸಡಿಲಿಸಿ. ಹರಿದ ಕೀಲಿಗೆ ಬೆಸುಗೆ ಬೇಡ, ಶಾಖಕ್ಕೆ ಸುತ್ತಲಿನ ಬಣ್ಣ ಸುಟ್ಟುಹೋಗುತ್ತದೆ. ಹಾಗೇ ಬಿಟ್ಟು ಹತ್ತಿ ದಾರ ಸುತ್ತಿಡಿ.

ಬೇಕಲೈಟ್ ಕುಪ್ಪಿಗೆ: ಬೆಚ್ಚಗಿನ ನೀರು, ಒಂದು ಹನಿ ಸೋಪು, ಮೆತ್ತನೆ ಬಟ್ಟೆ, ತಕ್ಷಣ ಒಣಗಿಸುವುದು. ನೆನೆಹಾಕಬಾರದು, ಸವೆದ ಮೇಲ್ಮೈಯಿಂದ ಒಳಗಿನ ಮರದ ಪುಡಿ ನೀರು ಹೀರಿ ಮಂಕಾಗುತ್ತದೆ. ಮುಚ್ಚಳ ಜಡಿದಿದ್ದರೆ ಇಕ್ಕಳ ತರಬೇಡಿ. ಅಂಟಾದ ಹಳೇ ಎಣ್ಣೆ ಅದನ್ನು ಹಿಡಿದಿರುತ್ತದೆ, ಸೀಮೆಎಣ್ಣೆಯಲ್ಲಿ ಅದ್ದಿದ ದಾರವನ್ನು ಮುಚ್ಚಳದ ಬುಡಕ್ಕೆ ಸುತ್ತಿ ಒಂದು ರಾತ್ರಿ ಬಿಟ್ಟರೆ ಬಿಡುತ್ತದೆ. ನಕಲಿಯೇ ಎಂದು ತಿಳಿಯಲು ಕಾದ ಸೂಜಿ ಚುಚ್ಚುವ ಪರೀಕ್ಷೆ ಕೆಲವರು ಹೇಳುತ್ತಾರೆ, ವಸ್ತು ಹಾಳು ಮಾಡುವ ಪರೀಕ್ಷೆ ಅದು. ಒಳಭಾಗದ ಅಥವಾ ಒಡೆದ ಅಂಚು ನೋಡಿ: ಬೇಕಲೈಟ್ ಒಡೆದ ಕಡೆ ಒರಟು, ಪುಡಿಪುಡಿ. ಹೊಸ ಪ್ಲಾಸ್ಟಿಕ್ ನುಣುಪಾಗಿ ಸೀಳುತ್ತದೆ ಅಥವಾ ಬಾಗಿ ಬಿಳಿಚಿಕೊಳ್ಳುತ್ತದೆ.

ಬ್ರಷ್‌ಗೆ: ಹಳೇ ಕಾಡತೂಸುಗಳ ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು, ಸುಟ್ಟ ಮೇಲೆ ಪೊಟ್ಯಾಸಿಯಂ ಕ್ಲೋರೈಡ್ ಉಪ್ಪು ಉಳಿಯುತ್ತದೆ. ಅದು ಗಾಳಿಯ ತೇವ ಎಳೆದುಕೊಂಡು ಉಕ್ಕನ್ನು ತಿನ್ನುತ್ತದೆ. ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಮಾತ್ರ ಕರಗುತ್ತದೆ. ಬ್ರಷ್ ಇಟ್ಟ ಜಾಗದಲ್ಲೇ ಡಬ್ಬಿ ತೂತು ಬಿದ್ದಿರುವುದಕ್ಕೆ ಅನೇಕ ಸಲ ಇದೇ ಕಾರಣ. ಭಟ್ಟಿ ಇಳಿಸಿದ ನೀರಿನಲ್ಲಿ ಬ್ರಷ್ಷನ್ನು ಒಂದೆರಡು ಬಾರಿ ಅದ್ದಿ, ಹೀರುಕಾಗದದ ಮೇಲೆ ಒಣಗಿಸಿ, ಮಧ್ಯದ ತಂತಿಗೆ ಮಾತ್ರ ಎಣ್ಣೆ ತಾಗಿಸಿ. ಕೂದಲಿನಲ್ಲಿ ಹುಳದ ಪೊರೆ ಕಂಡರೆ ಪಾಲಿಥೀನ್ ಚೀಲದಲ್ಲಿ ಗಾಳಿ ತೆಗೆದು ಮುಚ್ಚಿ, ಮೈನಸ್ 20 ಡಿಗ್ರಿ ಫ್ರೀಜರ್‌ನಲ್ಲಿ ಒಂದು ವಾರ ಇಡಿ. ಹೊರತೆಗೆದ ಮೇಲೆ ಕೋಣೆಯ ಶಾಖಕ್ಕೆ ಬರುವವರೆಗೆ ಚೀಲ ತೆರೆಯಬಾರದು, ತೆರೆದರೆ ತಂತಿಯ ಮೇಲೆ ನೀರು ಕೂರುತ್ತದೆ.

ಮಣ್ಣಿನಿಂದ ಅಗೆದು ತೆಗೆದ ಡಬ್ಬಿಗಳಿಗೆ ಇದು ಯಾವುದೂ ಅನ್ವಯಿಸುವುದಿಲ್ಲ. ಅವುಗಳ ತುಕ್ಕಿನೊಳಗೇ ಕ್ಲೋರೈಡ್ ಇರುತ್ತದೆ, ಎಣ್ಣೆ ಬಳಿದರೆ ಒಳಗೊಳಗೇ ಸಿಪ್ಪೆ ಏಳುತ್ತದೆ. ಅದು ಸಂರಕ್ಷಣಾ ತಜ್ಞರ ಕೆಲಸ.

---

ಹಳೆಉಕ್ಕು:

ಸರಪಳಿ ಬಳಸುವ ಪ್ರಶ್ನೆ ಬಾಕಿ ಇದೆ. ವಿಧಾನ ಹೇಳುತ್ತೇನೆ, ಆದರೆ ಹಳೇ ಸರಪಳಿಯಿಂದ ಮಾಡಿ ಅನ್ನುವುದಿಲ್ಲ.

ರೈಫಲ್ ಖಾಲಿ ಎಂದು ಖಚಿತ ಮಾಡಿ ಬೋಲ್ಟ್ ಹೊರತೆಗೆಯಿರಿ. ನಳಿಗೆಯ ಬಾಯಿ ಕೆಳಗೆ ಮಾಡಿ, ಸರಪಳಿಯ ತುದಿಯನ್ನು ಚೇಂಬರ್ (ಕಾಡತೂಸು ಕೂರುವ ಗೂಡು) ಕಡೆಯಿಂದ ಇಳಿಬಿಡಿ. ತನ್ನ ತೂಕಕ್ಕೇ ಅದು ಹೊರಬರುತ್ತದೆ. ಕೊಂಡಿಗೆ ಬತ್ತಿ ಸಿಕ್ಕಿಸಿ ಚೇಂಬರ್‌ನಿಂದ ಬಾಯಿಯ ಕಡೆಗೆ, ನಳಿಗೆಯ ನೇರಕ್ಕೆ ಎಳೆಯಬೇಕು. ಓರೆಯಾಗಿ ಎಳೆದರೆ ಸರಪಳಿ ಬಾಯಿಯ ಅಂಚಿಗೆ ಉಜ್ಜುತ್ತದೆ, ಅಂಚು ಒಂದು ಬದಿ ಸವೆದರೆ ಗುರಿ ಕೆಡುತ್ತದೆ. ಬತ್ತಿಯ ದಪ್ಪ ಬೆರಳಿನ ಒತ್ತಡಕ್ಕೆ ಚೇಂಬರ್ ದಾಟಿ ನಳಿಗೆಗೆ ಕೂರುವಷ್ಟಿರಲಿ. ಒಂದು ಎಳೆ ಹೆಚ್ಚಾದರೂ ನಡುವೆ ಸಿಕ್ಕಿಕೊಳ್ಳುತ್ತದೆ. ಬ್ರಷ್ಷನ್ನು ಅರ್ಧದಲ್ಲಿ ಹಿಂದಕ್ಕೆ ಎಳೆಯಬಾರದು, ಕೂದಲು ತಿರುಗಿ ಬೆಣೆಯಂತೆ ಕಚ್ಚುತ್ತದೆ. ಎಣ್ಣೆ ಬ್ರಷ್ ಯಾವಾಗಲೂ ಶುದ್ಧ ನಳಿಗೆಗೆ ಮಾತ್ರ.

ಹಳೇ ಸರಪಳಿ ಬೇಡ ಅನ್ನಲು ಕಾರಣ ಎರಡು. ಅಲ್ಯೂಮಿನಿಯಂ ಮೆತ್ತಗೆ, ಅದರೊಳಗೆ ಮರಳಿನ ಕಣ ಹುದುಗಿ ಕೂತರೆ ಅದು ನಳಿಗೆಗೆ ಅರದ ಕೆಲಸ ಮಾಡುತ್ತದೆ. ಎರಡನೆಯದು, ಕೊಂಡಿಯ ಬಾಗಿನಲ್ಲಿ ಸಣ್ಣ ಬಿರುಕು ಕಣ್ಣಿಗೆ ಕಾಣುವುದಿಲ್ಲ, ಬತ್ತಿ ನಡುವೆ ಇರುವಾಗ ಹರಿಯುತ್ತದೆ. ಹರಿದು ಸಿಕ್ಕಿಕೊಂಡರೆ ಎರಡೂ ಕಡೆಯಿಂದ ತೆಳು ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಿರಿ, ತುದಿಯಲ್ಲಿ ತಿರುಪು ಕೊಕ್ಕೆ ಇರುವ ಹೊಸ ಕಡ್ಡಿಯಿಂದ ಎಳೆ ಎಳೆಯಾಗಿ ಬಿಡಿಸಿ. ಗುಂಡು ಹಾರಿಸಿ ಹೊರಹಾಕುವ ಯೋಚನೆ ಮಾಡಿದವರ ನಳಿಗೆ ಉಬ್ಬಿದೆ ಅಥವಾ ಸಿಡಿದಿದೆ.

---

ತಗಡುಡಬ್ಬಿ:

ಒಂದನೇ ಡಬ್ಬಿಯ ತಳ ಓರೆಬೆಳಕಿನಲ್ಲಿ ನೋಡಿದೆ. ಅಂಡಾಕಾರದ ತುಕ್ಕಿನ ಗೆರೆ ಇದೆ. ಬೇಕಲೈಟ್ ಕುಪ್ಪಿ ಅದರ ಮೇಲೆ ಸರಿಯಾಗಿ ಕೂರುತ್ತಿಲ್ಲ, ಒಂದು ಬದಿಗೆ ಹೊರಚಾಚುತ್ತದೆ. ಸರಪಳಿಯ ಚುಕ್ಕಿಗಳು ಮಾತ್ರ ಹೊಂದುತ್ತವೆ. ಚೀಟಿಯಲ್ಲಿ ಏನು ಬರೆಯಲಿ?

---

ಕಾಲಗಣಕ:

ಕಂಡದ್ದನ್ನಷ್ಟೇ ಬರೆಯಿರಿ: "ಡಬ್ಬಿ: ಜಿ. ಆಪ್ಪೆಲ್ 1938. ಸರಪಳಿ: ತಳದ ಗುರುತಿಗೆ ಹೊಂದುತ್ತದೆ. ಎಣ್ಣೆಕುಪ್ಪಿ: ಬೇಕಲೈಟ್, ಗುರುತಿಗೆ ಹೊಂದುವುದಿಲ್ಲ, ನಂತರ ಸೇರಿದ್ದು. ಬ್ರಷ್, ಬತ್ತಿ, ಉಪಕರಣ: ಮೂಲ ತಿಳಿದಿಲ್ಲ." ತುಕ್ಕಿನ ಗೆರೆಯ ಉದ್ದಗಲ ಮಿಲಿಮೀಟರಿನಲ್ಲಿ ಅಳೆದು ಅದನ್ನೂ ಸೇರಿಸಿ. ಮುಂದೆ ಉಕ್ಕಿನ ಕುಪ್ಪಿ ಕೈಗೆ ಬಂದರೆ ಹೋಲಿಸಲು ಬೇಕಾಗುತ್ತದೆ. ಕುಪ್ಪಿಯ ಬುಡದಲ್ಲಿ ಅಚ್ಚಿನ ಸಂಕೇತ ಇದೆಯಾ ನೋಡಿ, ಇದ್ದರೆ ಫೋಟೋ ಹಾಕಿ.

---

ಎಣ್ಣೆಬತ್ತಿ:

ತಳದ ಗೆರೆ ಉಳಿಸಿಕೊಳ್ಳಬೇಕೆಂದಿದ್ದರೆ ಒಳಭಾಗಕ್ಕೆ ಸ್ಟೀಲ್ ವುಲ್ ಹಾಕಬೇಡಿ. ಮೈಕ್ರೊಕ್ರಿಸ್ಟಲೈನ್ ವ್ಯಾಕ್ಸ್ ಅನ್ನು ಬಟ್ಟೆಯಲ್ಲಿ ತೆಳುವಾಗಿ ಒತ್ತಿ ಬಿಡಿ, ತುಕ್ಕು ಅಲ್ಲೇ ನಿಲ್ಲುತ್ತದೆ. ಕುಪ್ಪಿಯೊಳಗೆ ಹಳೇ ಎಣ್ಣೆ ಇದ್ದರೆ ಬಗ್ಗಿಸಿ ಖಾಲಿ ಮಾಡಿ, ಡಬ್ಬಿಯ ಹೊರಗೆ ಬೇರೆ ಪಾಲಿಥೀನ್ ಚೀಲದಲ್ಲಿ ಇಡಿ. ಪಿವಿಸಿ ಚೀಲ ಬೇಡ, ಅದು ಬಿಡುವ ಅನಿಲ ಉಕ್ಕಿಗೆ ಆಗದು. ಸಿಲಿಕಾ ಜೆಲ್ ಪುಡಿಕೆ ಡಬ್ಬಿಯೊಳಗೆ ಹಾಕಬೇಡಿ, ಡಬ್ಬಿಗಳನ್ನಿಟ್ಟ ದೊಡ್ಡ ಪೆಟ್ಟಿಗೆಗೆ ಹಾಕಿ. ತಗಡಿಗೆ ನೇರ ತಾಗಿಕೊಂಡ ಪುಡಿಕೆ ತೇವ ಹೀರಿ ತುಂಬಿದ ಮೇಲೆ ಅಲ್ಲೇ ತುಕ್ಕು ಹುಟ್ಟಿಸುತ್ತದೆ.